ದುಡಿಮೆಯ ಹೊತ್ತು, ಮನೆಯ ಹೊತ್ತು: ಲೆಕ್ಕಶಾಸ್ತ್ರದ ಒಂದು ಪಾಠ



ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಜಮಾ-ಖರ್ಚಿಗೆ ಕೈ ಹಚ್ಚುವ ಮೊದಲೇ ನಾವು ಒಂದು ಪರಿಕಲ್ಪನೆಯನ್ನು ಕಲಿಯುತ್ತೇವೆ. ಅದರ ಹೆಸರು ವ್ಯವಹಾರ ಅಸ್ತಿತ್ವ ಪರಿಕಲ್ಪನೆ. ಅಂಗಡಿ ಬೇರೆ, ಅಂಗಡಿಯ ಮಾಲೀಕ ಬೇರೆ ಎಂಬುದು ಇದರ ಸಾರ. ಮಾಲೀಕ ತನ್ನದೇ ಗಲ್ಲಾದಿಂದ ಮನೆಖರ್ಚಿಗೆ 500 ರೂಪಾಯಿ ತೆಗೆದುಕೊಂಡರೂ ಅದನ್ನು ಬರೆದಿಡಬೇಕು. ಡ್ರಾಯಿಂಗ್ಸ್ ಖಾತೆಗೆ ಡೆಬಿಟ್, ನಗದು ಖಾತೆಗೆ ಕ್ರೆಡಿಟ್. ಪ್ರತಿ ವರ್ಷ ಈ ಪಾಠದ ದಿನ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಸರ್, ರೊಕ್ಕ ಅವರದ, ಅಂಗಡಿ ಅವರದ, ಬರದ್ರ ಏನು, ಬಿಟ್ರ ಏನ್ರಿ?"

ಪ್ರಶ್ನೆ ಒಳ್ಳೆಯದೇ. ಬರೆಯದಿದ್ದರೆ ಆ ದಿನ ಏನೂ ಆಗುವುದಿಲ್ಲ. ವರ್ಷದ ಕೊನೆಗೆ ಮಾತ್ರ ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ತಿಳಿಯುವುದಿಲ್ಲ. ಗಲ್ಲಾ ಏಕೆ ಬರಿದಾಯಿತು ಎಂದರೆ ಮನೆಯವರು ಅಂಗಡಿಯನ್ನು ಬೈಯುತ್ತಾರೆ, ಅಂಗಡಿಯವರು ಮನೆಯನ್ನು ಬೈಯುತ್ತಾರೆ. ಎರಡರ ನಡುವೆ ಗೆರೆ ಇಲ್ಲದ ಕಾರಣ ಎರಡೂ ಕೆಡುತ್ತವೆ.

ಈ ಲೇಖನದಲ್ಲಿ ಅದೇ ಪರಿಕಲ್ಪನೆಯನ್ನು ಹಣದ ಬದಲು ಹೊತ್ತಿಗೆ ಅನ್ವಯಿಸಿ ನೋಡೋಣ. ದುಡಿಮೆಯ ಹೊತ್ತು ಯಾವುದು, ಮನೆಯ ಹೊತ್ತು ಯಾವುದು, ಓದಿನ ಹೊತ್ತು ಯಾವುದು? ಪಠ್ಯಪುಸ್ತಕದಲ್ಲಿ ಈ ಅಧ್ಯಾಯ ಇಲ್ಲ. ಆದರೆ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಇದು ಬೇಕಾದ ಅಧ್ಯಾಯ. ನಿಮ್ಮಲ್ಲಿ ಹಲವರು ಓದುವುದರ ಜೊತೆಗೆ ದುಡಿಯುತ್ತಲೂ ಇದ್ದೀರಿ.

ನಮ್ಮ ನಾಲ್ಕು ಊರು, ನಾಲ್ಕು ಬಗೆಯ ದುಡಿಮೆ

ಬೈಲಹೊಂಗಲ ಸುತ್ತಲಿನ ಎರೆಭೂಮಿಯ ಹಳ್ಳಿಗಳಲ್ಲಿ ದುಡಿಮೆಗೆ ಋತುವಿನ ಲೆಕ್ಕ. ಹತ್ತಿ ಬಿಡಿಸುವ ಕಾಲ, ಕಬ್ಬು ಕಡಿಯುವ ಕಾಲ, ಕಡಲೆ ಕೀಳುವ ಕಾಲ ಎಂದು ತಿಂಗಳುಗಳು ಹಂಚಿಹೋಗಿವೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರಾತ್ರಿಯೇ ನೀರು ಹಾಯಿಸಬೇಕು. ಅಲ್ಲಿ ಹೊತ್ತನ್ನು ನಿರ್ಧರಿಸುವುದು ರೈತನಲ್ಲ, ಕರೆಂಟು.

ಕಿತ್ತೂರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಹೆದ್ದಾರಿಗೆ ಹಗಲು-ರಾತ್ರಿ ಎಂಬ ಭೇದವಿಲ್ಲ. ಡಾಬಾ, ಚಹಾದಂಗಡಿ, ಪಂಕ್ಚರ್ ಅಂಗಡಿಗಳಿಗೂ ಇಲ್ಲ. ಲಾರಿ ನಿಂತಾಗ ಗಿರಾಕಿ ಬಂದಂತೆ, ಗಿರಾಕಿ ಬಂದಾಗ ದುಡಿಮೆ ಶುರುವಾದಂತೆ.

ಸವದತ್ತಿಯಲ್ಲಿ ದುಡಿಮೆಗೆ ಹುಣ್ಣಿಮೆಯ ಲೆಕ್ಕ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಜನ ಹರಿದು ಬರುತ್ತಾರೆ. ಬಳೆ, ಕಾಯಿ, ಭಂಡಾರ, ಚುರಮರಿ, ಆಟಿಕೆ ಮಾರುವವರಿಗೆ ಅದು ಸುಗ್ಗಿ. ಆ ದಿನಗಳ ವ್ಯಾಪಾರದ ಮೇಲೆ ಮುಂದಿನ ಎಷ್ಟೋ ತಿಂಗಳ ಮನೆಖರ್ಚು ನಿಂತಿರುತ್ತದೆ. ಭಾರತ ಹುಣ್ಣಿಮೆ ಕಳೆಯಿತೆಂದರೆ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯೂ ದೂರ ಇರುವುದಿಲ್ಲ.

ರಾಮದುರ್ಗ, ಸುರೇಬಾನ ಭಾಗದ ನೇಕಾರರ ಕಥೆ ಇವೆಲ್ಲಕ್ಕಿಂತ ಬೇರೆ. ಅಲ್ಲಿ ಕೆಲಸದ ಜಾಗ ಎಂಬುದು ಬೇರೆ ಇಲ್ಲ, ಮಗ್ಗ ಮನೆಯೊಳಗೇ ಇದೆ. ಕುಣಿಮಗ್ಗವಿದ್ದ ಮನೆಯಲ್ಲಿ ನೆಲವನ್ನೇ ಅಗೆದು ಮಗ್ಗ ಹೂಡಿರುತ್ತಾರೆ. ವಿದ್ಯುತ್ ಮಗ್ಗವಿದ್ದ ಮನೆಯಲ್ಲಿ ಒಂದು ಗೋಡೆಯ ಆಚೆ ಮಗ್ಗದ ಸದ್ದು, ಈಚೆ ಮಕ್ಕಳ ಓದು. ನೇಯುವವರು ಒಬ್ಬರೇ ಆದರೂ ಕಂಡಿಕೆ ಸುತ್ತುವವರು, ಹಾಸು ಹೂಡಲು ನಿಲ್ಲುವವರು, ಕಡಿದ ಎಳೆ ಕಟ್ಟುವವರು ಮನೆಯವರೇ. ಈ ಕೆಲಸಗಳಿಗೆ ಬೇರೆ ಕೂಲಿ ಇಲ್ಲ, ಎಲ್ಲವೂ ಸೀರೆಯ ಕೂಲಿಯಲ್ಲೇ ಸೇರಿಹೋಗುತ್ತವೆ.

ನಾಲ್ಕೂ ಕಡೆ ಸಾಮಾನ್ಯವಾದದ್ದು ಒಂದೇ. ದುಡಿಮೆ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಹೇಳುವ ಗಂಟೆ ಬಾರಿಸುವುದಿಲ್ಲ.

ಗಂಟೆ ಏಕೆ ಬಾರಿಸುವುದಿಲ್ಲ?

ಕಾರಣ ಕೂಲಿಯ ಬಗೆಯಲ್ಲಿದೆ. ಕೂಲಿಯಲ್ಲಿ ಎರಡು ಬಗೆ ಎಂದು ನೀವು ಓದಿದ್ದೀರಿ. ಇಷ್ಟು ತಾಸಿಗೆ ಇಷ್ಟು ಎಂದರೆ ವೇಳೆಗೂಲಿ. ಇಷ್ಟು ಕೆಲಸಕ್ಕೆ ಇಷ್ಟು ಎಂದರೆ ತುಂಡುಗೂಲಿ. ವೇಳೆಗೂಲಿಯಲ್ಲಿ ಎಷ್ಟು ಹೊತ್ತು ದುಡಿಸಿದೆ ಎಂಬ ಲೆಕ್ಕವನ್ನು ಕೂಲಿ ಕೊಡುವವನೂ ಇಡುತ್ತಾನೆ, ಏಕೆಂದರೆ ಹೆಚ್ಚಿನ ತಾಸಿಗೆ ಹೆಚ್ಚಿನ ಹಣ ಕೊಡಬೇಕು. ತುಂಡುಗೂಲಿಯಲ್ಲಿ ಆ ಲೆಕ್ಕ ಯಾರಿಗೂ ಬೇಡ. ಸೀರೆ ಒಂದು ದಿನದಲ್ಲಿ ಮುಗಿಯಲಿ, ಎರಡು ದಿನದಲ್ಲಿ ಮುಗಿಯಲಿ, ಕೂಲಿ ಅಷ್ಟೇ. ಹೆಚ್ಚು ಬೇಕೆಂದರೆ ಹೆಚ್ಚು ನೇಯಬೇಕು, ಹೆಚ್ಚು ನೇಯಲು ರಾತ್ರಿಯನ್ನೂ ಹಗಲು ಮಾಡಬೇಕು. ಸ್ವಂತ ಅಂಗಡಿಯೂ ಒಂದರ್ಥದಲ್ಲಿ ತುಂಡುಗೂಲಿಯೇ, ಗಿರಾಕಿ ಬಂದಷ್ಟು ಗಳಿಕೆ. ಆದ್ದರಿಂದ ಬಾಗಿಲು ಹಾಕುವ ಮನಸ್ಸಾಗುವುದಿಲ್ಲ.

ಹಾಗಾದರೆ ಹೆಚ್ಚು ತಾಸು ದುಡಿದಷ್ಟೂ ಲಾಭವೇ? ಅರ್ಥಶಾಸ್ತ್ರದ ಇಳಿಮುಖ ಸೀಮಾಂತ ಉತ್ಪನ್ನ ನಿಯಮವನ್ನು ನೆನಪಿಸಿಕೊಳ್ಳಿ. ಉಳಿದ ಅಂಶಗಳು ಇದ್ದಷ್ಟೇ ಇದ್ದು ಒಂದು ಅಂಶವನ್ನು ಮಾತ್ರ ಹೆಚ್ಚಿಸುತ್ತಾ ಹೋದರೆ, ಒಂದು ಹಂತದ ನಂತರ ಪ್ರತಿ ಹೆಚ್ಚುವರಿ ಘಟಕ ಕೊಡುವ ಉತ್ಪನ್ನ ಕಡಿಮೆಯಾಗುತ್ತದೆ. ಮಗ್ಗ ಒಂದೇ, ಕೈ ಎರಡೇ, ಕಣ್ಣು ಎರಡೇ. ಬೆಳಗಿನ ಒಂದು ತಾಸಿನಲ್ಲಿ ನೇಯ್ದಷ್ಟು ಬಟ್ಟೆ ನಡುರಾತ್ರಿಯ ತಾಸಿನಲ್ಲಿ ಬರುವುದಿಲ್ಲ. ಬಂದರೂ ಎಳೆ ತಪ್ಪಿರುತ್ತದೆ, ಮರುದಿನ ಬಿಚ್ಚಬೇಕಾಗುತ್ತದೆ. ಓದಿಗೂ ಇದೇ ನಿಯಮ. ತೂಕಡಿಸುತ್ತಾ ಓದಿದ ಮೂರನೆಯ ತಾಸು ಪುಸ್ತಕದ ಮುಂದೆ ಕಳೆದ ಹೊತ್ತೇ ಹೊರತು ಓದಿದ ಹೊತ್ತಲ್ಲ.

ಇದು ಬರೀ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯಕ್ಕೆ ರಕ್ತ ಕಡಿಮೆಯಾಗಿ ಬರುವ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ಅದು ಹೇಳುತ್ತದೆ. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು 7,45,000 ಜನ ಸತ್ತರು ಎಂಬುದು ಅದರ ಅಂದಾಜು. ಅಂದರೆ ಇಂದು ಹೆಚ್ಚಿಗೆ ಗಳಿಸಿದ ಹಣವನ್ನು ನಾಳೆ ಆಸ್ಪತ್ರೆಗೆ ಕಟ್ಟಬೇಕಾಗಬಹುದು. ಅದೂ ಒಂದು ಡ್ರಾಯಿಂಗ್ಸ್, ಶರೀರದ ಬಂಡವಾಳದಿಂದ ತೆಗೆದದ್ದು.

ಗೆರೆ ಎಳೆದವರು

ದುಡಿಮೆಗೆ ಮಿತಿ ಬೇಕು ಎಂಬುದು ಇಂದಿನ ಸೋಮಾರಿಗಳ ಮಾತಲ್ಲ. ಅದಕ್ಕೆ ದೊಡ್ಡ ಇತಿಹಾಸವಿದೆ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಏಳು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದು, ಏಳರಿಂದ ಹನ್ನೆರಡು ವರ್ಷದ ಮಕ್ಕಳನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು ಎಂದಿತು ಆ ಕಾಯ್ದೆ. ಇದು ಅಂದಿನ ಸುಧಾರಣೆ ಎಂದರೆ ಅದಕ್ಕೂ ಮೊದಲಿನ ಸ್ಥಿತಿಯನ್ನು ನೀವೇ ಊಹಿಸಿ. ದೊಡ್ಡವರಿಗೆ ಆಗ ಮಿತಿಯೇ ಇರಲಿಲ್ಲ. ಮುಂಬೈನಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಸಂಘಟಿಸಿ ವಾರಕ್ಕೊಂದು ರಜೆ ಕೇಳಿದರು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಇಂದು ನಾವು ಅನುಭವಿಸುವ ಐತವಾರದ ಸೂಟಿಯ ಹಿಂದೆ ಆ ಕಾರ್ಮಿಕರ ಹೋರಾಟವಿದೆ.

ಬಳಿಕ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 1922ರ ತಿದ್ದುಪಡಿಯಲ್ಲಿ ವಾರಕ್ಕೆ 60 ತಾಸು, 1934ರ ಕಾಯ್ದೆಯಲ್ಲಿ 54 ತಾಸು. ಡಾ. ಬಿ.ಆರ್. ಅಂಬೇಡ್ಕರ್ ಅವರು 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಅವರ ಅವಧಿಯಲ್ಲಿ ಬಂದ 1946ರ ತಿದ್ದುಪಡಿ ವಾರದ ಮಿತಿಯನ್ನು 48 ತಾಸಿಗೆ ಇಳಿಸಿತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿತು. ಅಂಗಡಿ-ಮುಂಗಟ್ಟುಗಳಿಗಾಗಿ ಬಂದ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಕೆಲಸಗಾರರಿಗೆ ವಾರಕ್ಕೆ 48 ತಾಸಿನ ಮಿತಿಯನ್ನೂ ವಾರದ ರಜೆಯನ್ನೂ ಹೇಳಿತು.

ಈ ಗೆರೆಯನ್ನು ಅಳಿಸುವ ಮಾತುಗಳೂ ಆಗಾಗ ಬರುತ್ತವೆ. ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. 70 ತಾಸನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 11 ತಾಸು 40 ನಿಮಿಷ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ತಾಸಿನವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ನೌಕರರ ಸಂಘ ಬಲವಾಗಿ ವಿರೋಧಿಸಿತು. ನಾಳೆ ನೀವು ಹುಬ್ಬಳ್ಳಿಗೋ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದಾಗ ಈ ಚರ್ಚೆ ನಿಮ್ಮ ಮೇಜಿನ ಮೇಲೇ ಬರುತ್ತದೆ. 48 ಎಂಬ ಅಂಕಿ ಎಲ್ಲಿಂದ ಬಂತು ಎಂಬುದು ಆಗ ನೆನಪಿರಲಿ.

ಈಗಲೇ ದುಡಿಯುತ್ತಿರುವವರಿಗೆ ಇನ್ನೊಂದು ಕಾಯ್ದೆ ತಿಳಿದಿರಬೇಕು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿಯಾಯಿತು. 14 ತುಂಬಿ 18 ತುಂಬದವರನ್ನು ಅದು ಕಿಶೋರರು ಎನ್ನುತ್ತದೆ. ನಿಮ್ಮಲ್ಲಿ ಬಹುಪಾಲು ಜನ ಈ ವಯಸ್ಸಿನವರೇ. ಅಪಾಯಕಾರಿ ಕೆಲಸಕ್ಕೆ ಕಿಶೋರರನ್ನು ಹಚ್ಚುವಂತಿಲ್ಲ. ಬೇರೆ ಕೆಲಸಗಳಲ್ಲೂ ಸತತ 3 ತಾಸಿನ ನಂತರ ಕನಿಷ್ಠ 1 ತಾಸು ವಿಶ್ರಾಂತಿ ಕೊಡಬೇಕು. ವಿಶ್ರಾಂತಿ, ಕೆಲಸಕ್ಕಾಗಿ ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ 6 ತಾಸು ಮೀರಬಾರದು. ಸಂಜೆ 7ರಿಂದ ಬೆಳಗಿನ 8ರವರೆಗೆ ದುಡಿಸಬಾರದು. ಓವರ್‌ಟೈಮ್ ಇಲ್ಲ, ವಾರಕ್ಕೊಂದು ಇಡೀ ದಿನ ರಜೆ. ಬೇರೆಯವರ ಹೋಟೆಲು, ಗ್ಯಾರೇಜು, ಅಂಗಡಿಯಲ್ಲಿ ರಾತ್ರಿ ದುಡಿಯುತ್ತಿರುವ ಗೆಳೆಯ ನಿಮಗಿದ್ದರೆ ಈ ಸಾಲುಗಳನ್ನು ಅವನಿಗೆ ಓದಿ ಹೇಳಿ. ತೊಂದರೆಯಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿ ಇದೆ. ನಮ್ಮ ಅಧ್ಯಾಪಕರ ಕೊಠಡಿಯ ಬಾಗಿಲೂ ತೆರೆದೇ ಇರುತ್ತದೆ.

ಧರ್ಮ ಏನು ಹೇಳುತ್ತದೆ?

"ದುಡಿಮೆಯೇ ದೇವರು ಅಂತಾರ, ಅದಕ್ಕೆಂಥ ಮಿತಿ?" ಎಂದು ಕೆಲವರು ವಾದಿಸುತ್ತಾರೆ. ದುಡಿಮೆಗೆ ದೊಡ್ಡ ಗೌರವ ಕೊಟ್ಟ ಪರಂಪರೆಗಳೇ ಮಿತಿಯನ್ನೂ ಕಲಿಸಿವೆ.

ಶುಕ್ರವಾರದ ಜುಮಾ ನಮಾಝನ್ನೇ ನೋಡಿ. ಕುರ್‌ಆನಿನ 62ನೆಯ ಅಧ್ಯಾಯದ ಹೆಸರೇ ಅಲ್ ಜುಮುಅ. ಅದರಲ್ಲಿ ಒಂದರ ಹಿಂದೆ ಒಂದು ಎರಡು ಆದೇಶಗಳಿವೆ. ಶುಕ್ರವಾರದ ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬರಬೇಕು ಎಂಬುದು ಮೊದಲನೆಯದು. ನಮಾಝು ಮುಗಿದ ಮೇಲೆ ಚದುರಿ ಹೋಗಿ ಅಲ್ಲಾಹನ ಅನುಗ್ರಹವನ್ನು, ಅಂದರೆ ಜೀವನೋಪಾಯವನ್ನು ಅರಸಬೇಕು ಎಂಬುದು ಎರಡನೆಯದು. ಇಲ್ಲಿ ವ್ಯಾಪಾರವನ್ನು ಕೀಳೆಂದಿಲ್ಲ, ಅದಕ್ಕೆ ಮರಳಿ ಹೋಗಿ ಎಂದೇ ಹೇಳಿದೆ. ಆದರೆ ಎರಡಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡಿದೆ. ಶುಕ್ರವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ಮಸೀದಿಗೆ ಹೋಗುವ ವ್ಯಾಪಾರಿ ಈ ಗೆರೆಯನ್ನು ಪ್ರತಿ ವಾರ ಎಳೆಯುತ್ತಾನೆ. ಅವನ ಗಿರಾಕಿಗಳಿಗೂ ಅದು ಗೊತ್ತಿರುವುದರಿಂದ ಯಾರೂ ಬೇಸರಿಸುವುದಿಲ್ಲ.

ಸಹೀಹ್ ಬುಖಾರಿಯಲ್ಲಿ ಸಲ್ಮಾನ್ ಮತ್ತು ಅಬೂ ದರ್ದಾ ಎಂಬ ಇಬ್ಬರು ಸಹಾಬಿಗಳ ಪ್ರಸಂಗವಿದೆ. ಅಬೂ ದರ್ದಾ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝು ಎಂದು ಮನೆ-ಮಡದಿಯ ಕಡೆ ಗಮನವನ್ನೇ ಬಿಟ್ಟಿದ್ದರು. ಅವರ ಮನೆಗೆ ಅತಿಥಿಯಾಗಿ ಬಂದ ಸಲ್ಮಾನ್ ಇದನ್ನು ಕಂಡು ತಿದ್ದಿದರು. ದೇವರಿಗೆ ಹಕ್ಕಿರುವಂತೆ ನಿನ್ನ ಶರೀರಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಯಾರ ಹಕ್ಕನ್ನು ಅವರಿಗೆ ಸಲ್ಲಿಸು ಎಂಬುದು ಅವರ ಮಾತಿನ ತಾತ್ಪರ್ಯ. ಪ್ರವಾದಿ ಮುಹಮ್ಮದ್ (ಸ) ಅವರಿಗೆ ವಿಷಯ ತಿಳಿದಾಗ ಸಲ್ಮಾನ್ ಹೇಳಿದ್ದು ಸರಿ ಎಂದರು. ಆರಾಧನೆಯೇ ಮನೆಯವರ ಹೊತ್ತನ್ನು ನುಂಗಬಾರದು ಎಂದಮೇಲೆ ಅಂಗಡಿಯ ಮಾತೇನು!

ನಮ್ಮ ನೆಲದ ಶರಣರ ಪರಂಪರೆಯಲ್ಲೂ ಇಂಥ ಪ್ರಸಂಗವಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮನೆಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮಗೇಕೆ ಎಂದು ಲಕ್ಕಮ್ಮ ಪತಿಯನ್ನೇ ಪ್ರಶ್ನಿಸಿ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದರು. ಕಾಯಕವನ್ನು ಎತ್ತಿ ಹಿಡಿದ ಶರಣರೇ "ಸಾಕು" ಎಂಬ ಮಾತನ್ನೂ ಕಲಿಸಿದರು. ಅದನ್ನು ಹೇಳಿದವರು ಮನೆಯ ಹೆಣ್ಣುಮಗಳು ಎಂಬುದನ್ನು ಗಮನಿಸಿ.

ಎರಡು ಪಾಳಿಯ ಹೆಣ್ಣುಮಕ್ಕಳು

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಒಂದು ಅಂಕಿಯನ್ನು ಹೇಳಲೇಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಸಿತು. ಕೂಲಿ ಇಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕೊಡುತ್ತಿದ್ದುದು 97 ನಿಮಿಷ. 299 ನಿಮಿಷವೆಂದರೆ ಒಂದು ನಿಮಿಷ ಕಡಿಮೆ ಐದು ತಾಸು.

ಅಂಗಡಿಗೆ ಹೋಗುವ ಹುಡುಗನಿಗೆ ಶಟರ್ ಇಳಿಸಿದ ಮೇಲಾದರೂ ದುಡಿಮೆ ಮುಗಿಯುತ್ತದೆ. ಮನೆಯಲ್ಲೇ ಕಂಡಿಕೆ ಸುತ್ತುವ, ಹೊಲಿಗೆ ಯಂತ್ರ ತುಳಿಯುವ, ರೊಟ್ಟಿ ಬಡಿದು ಮಾರುವ ಹುಡುಗಿಗೆ ಇಳಿಸಲು ಶಟರೇ ಇಲ್ಲ. ಕಂಡಿಕೆ ಮುಗಿದರೆ ಒಲೆ, ಒಲೆ ಮುಗಿದರೆ ತಮ್ಮನ ಅಭ್ಯಾಸ. ಎಲ್ಲ ಮುಗಿದ ಮೇಲೆ ತನ್ನ ಪುಸ್ತಕ. ಇವಳ ದುಡಿಮೆಗೆ "ದುಡಿಮೆ" ಎಂಬ ಹೆಸರು ಕೂಡ ಇಲ್ಲ. "ಮನ್ಯಾಗ ಕುಂತಾಳ" ಎಂದುಬಿಡುತ್ತಾರೆ. ಮನೆಯಲ್ಲಿ ಕುಳಿತು ಕೂಲಿಗೆ ದುಡಿಯುವವರೂ ಕಾರ್ಮಿಕರೇ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಂದು ಒಡಂಬಡಿಕೆ ಮಾಡಿದೆ. ಭಾರತ ಅದಕ್ಕೆ ಇನ್ನೂ ಅನುಮೋದನೆ ಕೊಟ್ಟಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅನುಮೋದನೆ ಕೊಡಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಅಣ್ಣ-ತಮ್ಮಂದಿರು ದಿನಕ್ಕೆ ಒಂದು ತಾಸಿನ ಮನೆಗೆಲಸ ಹಂಚಿಕೊಂಡರೆ ಅಕ್ಕನಿಗೆ ವರ್ಷಕ್ಕೆ 365 ತಾಸಿನ ಓದು ಸಿಗುತ್ತದೆ. ಗಡಿ ಎಂದರೆ ನನ್ನ ಹೊತ್ತನ್ನು ಉಳಿಸಿಕೊಳ್ಳುವುದಷ್ಟೇ ಅಲ್ಲ, ಮನೆಯ ಇನ್ನೊಬ್ಬರ ಹೊತ್ತನ್ನು ತಿನ್ನದಿರುವುದೂ ಹೌದು.

ಹೊತ್ತಿನ ಖಾತೆ ತೆರೆಯೋಣ

ಈಗ ಪೆನ್ನು ಹಿಡಿಯಿರಿ. ವಾರಕ್ಕೆ 7 ದಿನ, ದಿನಕ್ಕೆ 24 ತಾಸು, ಒಟ್ಟು 168 ತಾಸು. ಇದು ನಿಮ್ಮ ಬಂಡವಾಳ. ಬಡವ-ಶ್ರೀಮಂತ ಎಂಬ ಭೇದವಿಲ್ಲದೆ ಎಲ್ಲರಿಗೂ ಸಮನಾಗಿ ಸಿಕ್ಕ ಬಂಡವಾಳ ಇದೊಂದೇ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಮನೆಯ ಅಂಗಡಿಯಲ್ಲಿ ಕೂರುವ ಒಬ್ಬ ವಿದ್ಯಾರ್ಥಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ನಿದ್ರೆ ದಿನಕ್ಕೆ 8 ತಾಸು, ವಾರಕ್ಕೆ 56. ನಿಮ್ಮ ವಯಸ್ಸಿನವರಿಗೆ 8ರಿಂದ 10 ತಾಸಿನ ನಿದ್ರೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ನಾವು ಕನಿಷ್ಠವನ್ನೇ ಹಿಡಿದಿದ್ದೇವೆ. ಕಾಲೇಜು ದಿನಕ್ಕೆ 6ರಂತೆ ಆರು ದಿನ, 36. ಬಸ್ಸಿಗೆ ಕಾಯುವುದೂ ಸೇರಿ ಪ್ರಯಾಣ ದಿನಕ್ಕೆ 2ರಂತೆ 12. ಸ್ನಾನ, ಊಟ, ನಮಾಝು ಅಥವಾ ಪೂಜೆಗೆ ದಿನಕ್ಕೆ 2ರಂತೆ 14. ಒಟ್ಟು 118 ತಾಸು ಹೋಯಿತು, ಉಳಿದದ್ದು 50.

ದಿನಕ್ಕೆ 3 ತಾಸು ಓದಿದರೆ 21. ಅಂಗಡಿಯಲ್ಲಿ ಸಂಜೆ 4 ತಾಸಿನಂತೆ ಆರು ದಿನಕ್ಕೆ 24, ಐತವಾರ 8, ಒಟ್ಟು 32. ಓದು, ಅಂಗಡಿ ಎರಡೂ ಸೇರಿ 53. ಇರುವುದು 50! ಕೊರತೆ 3 ತಾಸು. ಇದರಲ್ಲಿ ಆಟಕ್ಕೆ, ಗೆಳೆಯರಿಗೆ, ತಾಯಿಯ ಜೊತೆ ಕುಳಿತು ಮಾತಾಡಲು ಒಂದು ನಿಮಿಷವನ್ನೂ ನಾವು ಇನ್ನೂ ಹಿಡಿದೇ ಇಲ್ಲ. ಮೊಬೈಲನ್ನೂ ಹಿಡಿದಿಲ್ಲ. ಈ ಕೊರತೆ ಎಲ್ಲಿಂದ ತುಂಬುತ್ತದೆ? ಮೊದಲು ನಿದ್ರೆಯಿಂದ, ಆಮೇಲೆ ಓದಿನಿಂದ. ಮುಂಜಾನೆಯ ಮೊದಲ ಪೀರಿಯಡ್ಡಿನಲ್ಲಿ ಮುಚ್ಚಿಕೊಳ್ಳುವ ಕಣ್ಣುಗಳ ಹಿಂದಿನ ಲೆಕ್ಕ ಇದು. ಅದನ್ನು ಸೋಮಾರಿತನ ಎಂದು ಬೈಯುವ ಮೊದಲು ಖಾತೆ ನೋಡಬೇಕು.

ಅಂಗಡಿಯ ಹೊತ್ತನ್ನು ದಿನಕ್ಕೆ 3 ತಾಸಿಗೆ, ಐತವಾರ 5 ತಾಸಿಗೆ ಇಳಿಸಿದರೆ ಒಟ್ಟು 23. ಆಗ ಓದಿಗೆ 21 ಹೋಗಿಯೂ 6 ತಾಸು ಉಳಿಯುತ್ತದೆ. ಆ 6 ತಾಸು ನಿಮ್ಮದು, ಅದನ್ನು ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಈ ಇಳಿಕೆಗೆ ಬೆಲೆ ಇದೆ, ನಿಜ. ವಾರಕ್ಕೆ 9 ತಾಸಿನ ವ್ಯಾಪಾರ ಕಡಿಮೆಯಾಗಬಹುದು. ಆದರೆ ಅವಕಾಶ ವೆಚ್ಚವನ್ನು ಎರಡೂ ಕಡೆ ಲೆಕ್ಕ ಹಾಕಬೇಕು. ಆ 9 ತಾಸಿನ ಗಳಿಕೆ ಎಷ್ಟು, ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯ ಹೋದರೆ ಕಳೆದುಕೊಳ್ಳುವುದು ಎಷ್ಟು? ಮನೆಯವರ ಮುಂದೆ ಇಡಬೇಕಾದ ಲೆಕ್ಕ ಇದು.

ಮನೆಯವರೊಂದಿಗೆ ಮಾತಾಡುವ ಬಗೆ

ಗಡಿ ಎಂದರೆ ತಂದೆ-ತಾಯಿಗೆ "ಆಗೂದಿಲ್ಲ" ಎಂದು ಮುಖ ತಿರುಗಿಸುವುದಲ್ಲ. ಅವರು ದುಡಿಯುವುದು ಯಾರಿಗಾಗಿ ಎಂಬುದು ನಿಮಗೆ ಗೊತ್ತಿದೆ. ಬೇಡ ಎನ್ನುವ ಮೊದಲು ಏನು ಮಾಡಬಲ್ಲೆ ಎಂಬುದನ್ನು ಹೇಳಿ. "ಅಬ್ಬಾ, ಅಸರ್ ಆದ ಮ್ಯಾಲ ಇಶಾ ತನಕ ಅಂಗಡ್ಯಾಗ ನಾ ಇರ್ತೇನ್ರಿ. ಆಮ್ಯಾಲ ಓದಾಕ ಬಿಡ್ರಿ. ಸಂತಿ ದಿನ ಇನ್ನೂ ಎರಡು ತಾಸು ಹೆಚ್ಚಿಗಿ ನಿಲ್ತೇನಿ." ಈ ಮಾತಿನಲ್ಲಿ ಹೊತ್ತು ಗೊತ್ತಾಗಿದೆ, ಹೊಣೆಯೂ ಗೊತ್ತಾಗಿದೆ. ತಂದೆಗೆ ಇಂಥ ಮಾತಿನ ಮೇಲೆ ಭರವಸೆ ಇಡಲು ಬರುತ್ತದೆ.

ಒಮ್ಮೆ ಒಪ್ಪಿಕೊಂಡ ಹೊತ್ತಿನಲ್ಲಿ ಪೂರ್ತಿ ದುಡಿಯಿರಿ. ಅಂಗಡಿಯಲ್ಲಿ ಕುಳಿತು ಮೊಬೈಲ್ ತೀಡುತ್ತಾ, ಓದಲು ಕುಳಿತು ಅಂಗಡಿಯ ಚಿಂತೆ ಮಾಡುತ್ತಾ ಇದ್ದರೆ ಎರಡು ಖಾತೆಗಳೂ ಕೆಡುತ್ತವೆ. ಗಡಿ ಎರಡೂ ಕಡೆಯಿಂದ ಪಾಲಿಸುವಂಥದ್ದು.

ಜಾತ್ರೆ, ಸುಗ್ಗಿ, ಮದುವೆ ಹಂಗಾಮಿನಲ್ಲಿ ಗೆರೆ ಸ್ವಲ್ಪ ಆಚೆ ಸರಿಯಲಿ, ಅದರಲ್ಲಿ ತಪ್ಪಿಲ್ಲ. ಯಲ್ಲಮ್ಮನ ಗುಡ್ಡದ ಅಂಗಡಿಯವರ ಮಕ್ಕಳಿಗೆ ಭಾರತ ಹುಣ್ಣಿಮೆಯ ದಿನ ಮನೆಯಲ್ಲಿ ಕುಳಿತು ಓದು ಎಂದು ನಾನು ಹೇಳಲಾರೆ. ಆದರೆ ಹುಣ್ಣಿಮೆ ಯಾವಾಗ ಎಂಬುದು ಪಂಚಾಂಗದಲ್ಲಿ ವರ್ಷ ಮೊದಲೇ ಇದೆ. ಆ ವಾರದ ಓದನ್ನು ಹಿಂದಿನ ತಿಂಗಳೇ ಮುಗಿಸಿಟ್ಟರೆ ಅದು ಮುಂಗಡ ಪಾವತಿ. ಜಾತ್ರೆ ಮುಗಿದ ಮೇಲೂ ಗೆರೆ ಹಿಂದಕ್ಕೆ ಬಾರದಿದ್ದರೆ ಮಾತ್ರ ಅಪಾಯ.

ಮಗ್ಗ ಮನೆಯಲ್ಲೇ ಇದ್ದವರಿಗೆ ಬೇರೆ ಕೋಣೆ ಇರಲಿಕ್ಕಿಲ್ಲ. ಜಾಗದಿಂದ ಗೆರೆ ಎಳೆಯಲಾಗದಿದ್ದರೆ ಹೊತ್ತಿನಿಂದ ಎಳೆಯಿರಿ. ಮಗ್ಗ ನಿಲ್ಲುವ ಒಂದು ಗೊತ್ತಾದ ಹೊತ್ತು ಮನೆಯಲ್ಲಿರಲಿ. ಅದೂ ಆಗದಿದ್ದರೆ ಕಾಲೇಜು ಬಿಟ್ಟ ಮೇಲೆ ಒಂದು ತಾಸು ನಮ್ಮ ಗ್ರಂಥಾಲಯದಲ್ಲಿ ಕುಳಿತು ಹೋಗಿ. ಬಸ್ಸಿನ ವೇಳೆಗೆ ತಕ್ಕಂತೆ ಇದನ್ನು ಹೊಂದಿಸಿಕೊಳ್ಳಬಹುದು.

ಮುಂದೆ ನೌಕರಿಗೆ ಸೇರಿದಾಗ ಗಡಿ ಮೀರುವುದು ಬಾಗಿಲಿನಿಂದಲ್ಲ, ಮೊಬೈಲಿನಿಂದ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಬರುವ ಕೆಲಸ ಬೆಳಗಿನವರೆಗೆ ಕಾಯಬಲ್ಲದೇ ಎಂದು ಕೇಳಿಕೊಳ್ಳಿ. ಫ್ರಾನ್ಸ್ ದೇಶದಲ್ಲಿ 2017ರ ಜನವರಿಯಿಂದ ಕೆಲಸದ ಹೊತ್ತಿನ ಆಚೆ ಇ-ಮೇಲ್, ಕರೆಗಳಿಂದ ದೂರವಿರುವ ಹಕ್ಕು ಕಾನೂನಿನಲ್ಲೇ ಇದೆ. ನಮ್ಮ ಲೋಕಸಭೆಯಲ್ಲೂ ಸುಪ್ರಿಯಾ ಸುಳೆ ಅವರು ಇಂಥ ಖಾಸಗಿ ಮಸೂದೆಯನ್ನು ಮಂಡಿಸಿದ್ದರು.

ಒಬ್ಬರೇ ಎಳೆದ ಗೆರೆ ಅಳಿಸಿಹೋಗುತ್ತದೆ

ಕೊನೆಯದಾಗಿ ಒಂದು ಕಠಿಣ ಪ್ರಶ್ನೆ. ಇವತ್ತಿನ ಕೂಲಿ ಇವತ್ತಿನ ಊಟಕ್ಕೇ ಸರಿಹೋಗುವ ಮನೆಯಲ್ಲಿ ಗಡಿಯ ಮಾತು ಶ್ರೀಮಂತರ ಮಾತಲ್ಲವೇ? ನೇಕಾರ ಒಬ್ಬನೇ ರಾತ್ರಿ ಮಗ್ಗ ನಿಲ್ಲಿಸಿದರೆ ಅವನ ಕೂಲಿ ಕಡಿಮೆಯಾಗುತ್ತದೆ, ಅಷ್ಟೇ. ಅಂಗಡಿಕಾರ ಒಬ್ಬನೇ ಎಂಟಕ್ಕೆ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಈ ಮಾತು ನಿಜ, ಇದನ್ನು ಉಪದೇಶದಿಂದ ಮುಚ್ಚಲಾಗದು.

ಉತ್ತರ ನಾವು ಮೇಲೆ ಓದಿದ ಇತಿಹಾಸದಲ್ಲೇ ಇದೆ. ಐತವಾರದ ರಜೆ ಒಬ್ಬ ಕಾರ್ಮಿಕ ಮನೆಯಲ್ಲಿ ಕುಳಿತದ್ದರಿಂದ ಬರಲಿಲ್ಲ, ಎಲ್ಲರೂ ಸೇರಿ ಕೇಳಿದ್ದರಿಂದ ಬಂತು. ಓಣಿಯ ಎಲ್ಲ ಅಂಗಡಿಗಳೂ ವಾರಕ್ಕೊಂದು ದಿನ ಒಟ್ಟಿಗೆ ಬಾಗಿಲು ಹಾಕಿದರೆ ಯಾರ ಗಿರಾಕಿಯೂ ಯಾರಿಗೂ ಹೋಗುವುದಿಲ್ಲ, ಮರುದಿನ ಎಲ್ಲರ ಹತ್ತಿರವೂ ಬರುತ್ತಾನೆ. ಸೀರೆಯ ಕೂಲಿ ಎಂಟು-ಒಂಬತ್ತು ತಾಸಿನ ದುಡಿಮೆಗೆ ಮನೆ ನಡೆಯುವಷ್ಟಿದ್ದರೆ ಯಾವ ನೇಕಾರನೂ ನಡುರಾತ್ರಿ ಮಗ್ಗದ ಮುಂದೆ ಕೂರುವುದಿಲ್ಲ. ಅಂಥ ಕೂಲಿಗಾಗಿ ಸಹಕಾರ ಸಂಘಗಳು ಬೇಕು, ಸಂಘದ ಲೆಕ್ಕಪತ್ರ ಓದಬಲ್ಲ ಮಕ್ಕಳು ಬೇಕು. ವಾಣಿಜ್ಯ ಓದುತ್ತಿರುವ ನೀವು ಆ ಮಕ್ಕಳು. ನಿಮ್ಮ ಓದಿನ ಮೂರು ತಾಸನ್ನು ಉಳಿಸಿಕೊಡಿ ಎಂದು ನಾನು ನಿಮ್ಮ ಮನೆಯವರನ್ನೂ ಕೇಳಿಕೊಳ್ಳುತ್ತಿರುವುದು ಇದೇ ಕಾರಣಕ್ಕೆ.

ಅಭ್ಯಾಸ

1. ವ್ಯವಹಾರ ಅಸ್ತಿತ್ವ ಪರಿಕಲ್ಪನೆಯನ್ನು ಹೊತ್ತಿಗೆ ಹೇಗೆ ಅನ್ವಯಿಸಬಹುದು? ನಿಮ್ಮ ಮನೆಯ ಕಸುಬಿನ ಉದಾಹರಣೆಯೊಂದಿಗೆ ಐದು ವಾಕ್ಯಗಳಲ್ಲಿ ಬರೆಯಿರಿ.

2. ಒಂದು ವಾರ ನಿಮ್ಮ 168 ತಾಸುಗಳ ಖಾತೆ ಇಡಿ. ನಿದ್ರೆ, ಕಾಲೇಜು, ಪ್ರಯಾಣ, ದುಡಿಮೆ, ಮನೆಗೆಲಸ, ಓದು, ಮೊಬೈಲು ಎಲ್ಲಕ್ಕೂ ಬೇರೆ ಕಾಲಮ್ ಇರಲಿ. ಶಿಲ್ಕು ಎಷ್ಟು ಉಳಿಯಿತು?

3. ಅದೇ ಖಾತೆಯನ್ನು ನಿಮ್ಮ ತಾಯಿಯ ಅಥವಾ ಅಕ್ಕನ ಹತ್ತಿರ ಕೇಳಿ ಬರೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

4. ವೇಳೆಗೂಲಿಗೂ ತುಂಡುಗೂಲಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದೊಂದು ಕಸುಬಿನ ಮೂಲಕ ವಿವರಿಸಿ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಉತ್ತರವನ್ನು ನನಗೆ ತೋರಿಸಬೇಕಿಲ್ಲ. ಮನೆಯಲ್ಲಿ ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ಓದಿ ಹೇಳಿದರೆ ಸಾಕು.